ಚೆಲ್ಲಿದ ನೀರಿನ ವಿಷಯವಾಗಿ ಬ್ರೇಕ್ ಡಿಸ್ಕ್ ಅವರಿಗೊಂದು ಅಹವಾಲು

ನಮ್ಮ ಹಳೆಯ ಪಿಕಪ್ಪಿನ ಮುಂದಿನ ಬಲಚಕ್ರದಲ್ಲಿ ಒಂಬತ್ತು ವರ್ಷ ದುಡಿದು, ಸದ್ಯ ನನ್ನ ಗಾಜಿನಂಗಡಿಯ ಮೇಜಿನ ಮೇಲೆ ಕಾಗದ ಹಾರದಂತೆ ಕೂತು ವಿಶ್ರಾಂತಿ ಪಡೆಯುತ್ತಿರುವ ಶ್ರೀಯುತ ಬ್ರೇಕ್ ಡಿಸ್ಕ್ ಅವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಇತ್ತ ನನ್ನ ಪ್ಯಾಂಟು ಒಣಗಿದೆ. ಮರ್ಯಾದೆ ಇನ್ನೂ ಹಸಿಯಾಗಿಯೇ ಇದೆ. ಎರಡನ್ನೂ ತೋಯಿಸಿದವರು ತಾವೇ ಆದ್ದರಿಂದ ಈ ಪತ್ರ ಬರೆಯುವ ಧೈರ್ಯ ಮಾಡಿದ್ದೇನೆ.

ನಮ್ಮ ಅಂಗಡಿಯಲ್ಲಿ ನನ್ನ ಅಪ್ಪನ ಕಾಲದಿಂದ ಒಂದು ಕಟ್ಟಳೆಯಿರುವುದು ತಮಗೆ ತಿಳಿಯದ್ದೇನಲ್ಲ. ಗಾಜು ಹೇರಿದ ಗಾಡಿ ಓಡಿಸಬೇಕೆನ್ನುವವರು ಮೊದಲು ಡ್ಯಾಶ್‌ಬೋರ್ಡಿನ ಮೇಲೆ ಮುಕ್ಕಾಲು ಲೋಟ ನೀರಿಟ್ಟುಕೊಂಡು, ಅಂಗಡಿಯ ಮುಂದಿನ ಇಳಿಜಾರು ಇಳಿದು, ಕೆಳಗಿನ ಅಂಚೆಪೆಟ್ಟಿಗೆಯ ಬಳಿ ಹನಿ ಚೆಲ್ಲದಂತೆ ನಿಲ್ಲಿಸಬೇಕು. ಎರಡು ವರ್ಷದಿಂದ ನನ್ನ ಜೊತೆ ಗಾಜು ಕೊಯ್ಯುತ್ತಿರುವ ಮಗಳು ನಾಟ್ಯಶಾಲೆಯೊಂದಕ್ಕೆ ಆಳೆತ್ತರದ ಆರು ಕನ್ನಡಿಗಳ ಕೆಲಸವನ್ನು ತಾನೇ ಮಾತಾಡಿ ಹಿಡಿದು ತಂದಳು, ಗುರುವಾರ ತಾನೇ ಗಾಡಿಯಲ್ಲಿ ಒಯ್ದು ಕೊಡುತ್ತೇನೆಂದೂ ಹೇಳಿದಳು. ಲೋಟ ಇಟ್ಟೆ. ಮೂರು ಸಲ ಇಟ್ಟೆ, ಮೂರು ಸಲವೂ ಚೆಲ್ಲಿತು.

ಎರಡನೆಯ ಸಲವೇ ಅವಳು, “ಅಪ್ಪಾ, ಬ್ರೇಕ್ ಒತ್ತಿದ್ರೆ ಪೆಡಲ್ಲು ಕಾಲಿಗೆ ವಾಪಸ್ ಒದೀತಿದೆ, ಸ್ಟೀರಿಂಗೂ ನಡುಗುತ್ತೆ, ಒಂದ್ಸಲ ಚಕ್ರ ಬಿಚ್ಚಿ ನೋಡೋಣ” ಎಂದಿದ್ದಳು. ನಾನು ಕೂತ ಸ್ಟೂಲಿನಿಂದ ಏಳದೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಎಂದುಬಿಟ್ಟೆ. ಮೂರನೆಯ ಸಲ ಚೆಲ್ಲಿದ ಮೇಲೆ ಗುರುವಾರಕ್ಕೆ ಬಾಡಿಗೆ ಡ್ರೈವರಿಗೆ ಹೇಳುವುದೆಂದು ತೀರ್ಮಾನಿಸಿದೆ. ಅವಳು ಆ ಕಡೆ ತಿರುಗಿ ಕಣ್ಣೊರೆಸಿಕೊಂಡಳು, ನಾನು ಕಂಡೂ ಕಾಣದವನಂತೆ ಗಾಜು ಒರೆಸುತ್ತಿದ್ದೆ. ಮಾನ್ಯರೇ, ಅದು ಈಗ ನನಗೆ ಚುಚ್ಚುತ್ತಿದೆ.

ಆಮೇಲೆ ಅವಳು ಒಂದೇ ಮಾತು ಹೇಳಿದಳು: “ಹಾಗಾದ್ರೆ ನೀನೇ ಓಡಿಸಿ ತೋರಿಸಪ್ಪಾ.” ಕನ್ನಡಿಗಳನ್ನು ಕಂಬಳಿಯಲ್ಲಿ ಬಿಗಿದು ಸಾಗಿಸುತ್ತಾ, ಲೋಟದ ಪರೀಕ್ಷೆ ಮಾತ್ರ ಇತರರಿಗೆ ಎಂದುಕೊಂಡು ಬದುಕಿದ್ದ ನಾನು ಬೀದಿಯವರೆಲ್ಲ ನೋಡುತ್ತಿರುವಾಗ ಮೀಸೆ ತಿರುವಿಕೊಂಡು ಹತ್ತಿದೆ. ಅಂಚೆಪೆಟ್ಟಿಗೆಯ ಬಳಿ ತಾವು ತೋರಿದ ಚಮತ್ಕಾರವನ್ನು ಎಷ್ಟು ಹೊಗಳಿದರೂ ಸಾಲದು. ನೀರಷ್ಟೇ ಅಲ್ಲ, ಲೋಟವೇ ನೆಗೆದು ಬಂದು ನನ್ನ ತೊಡೆಯ ಮೇಲೆ ಕೂತಿತು. “ಸದ್ಯ, ಲೋಟ ಒಡೀಲಿಲ್ಲ ಬಿಡಿ,” ಎಂದು, ಒದ್ದೆ ಪ್ಯಾಂಟಿನಲ್ಲಿ ವಾಪಸ್ ಬಂದ ನನಗೆ ನನ್ನಾಕೆ ಬಾಗಿಲಲ್ಲಿ ನಿಂತು ಸಮಾಧಾನ ಹೇಳಿದಳು.

ಮರುದಿನ ಮಗಳು ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿ ಏರಿಸಿ, ಚಕ್ರ ಕಳಚಿ, ತಮ್ಮನ್ನು ಕಚ್ಚಿ ಹಿಡಿಯುವ ಕ್ಯಾಲಿಪರನ್ನು ಅದರ ಎಣ್ಣೆ ಕೊಳವೆಗೆ ಭಾರ ಬೀಳದಂತೆ ತಂತಿಯಲ್ಲಿ ತೂಗುಹಾಕಿದಳು. ಆಗ ತಮ್ಮ ದರ್ಶನವಾಯಿತು. ಮೈತುಂಬ ಗೀರು, ಅಂಚಿಗೆ ಉಗುರು ಸಿಕ್ಕಿಕೊಳ್ಳುವಷ್ಟು ಏಣು. ಇಪ್ಪತ್ತನಾಲ್ಕು ಮಿಲಿಮೀಟರಿಗಿಂತ ತೆಳುವಾದರೆ ಬದಲಿಸಿ ಎಂದು ತಮ್ಮ ಮೈಮೇಲೆಯೇ ಅಚ್ಚೊತ್ತಿದ್ದರು. ನಾನು ಗಾಜಿನ ದಪ್ಪ ಅಳೆಯುವ ಸಾಧನವನ್ನೇ ಅವಳು ತಮಗೂ ಹಿಡಿದಳು: ಒಂದು ಕಡೆ ಇಪ್ಪತ್ಮೂರು, ಇನ್ನೊಂದು ಕಡೆ ಇಪ್ಪತ್ತೆರಡೂವರೆ. ಅರ್ಧ ಮಿಲಿಮೀಟರು ಹೆಚ್ಚುಕಡಿಮೆಯಾದರೆ ಗಾಜನ್ನು ವಾಪಸ್ ಕಳಿಸುವ ನಾನು, ತಮ್ಮನ್ನು ಉಜ್ಜುವ ಬ್ರೇಕ್ ಪ್ಯಾಡನ್ನು ಮೂರು ಸಲ ಬದಲಿಸಿಯೂ ತಮ್ಮನ್ನು ಒಮ್ಮೆಯೂ ಅಳೆದಿರಲಿಲ್ಲ. ನೆಲ ಡೊಂಕಾಗಿಯೇ ಇತ್ತು.

ತುಕ್ಕು ಹಿಡಿದು ಅಂಟಿಕೊಂಡಿದ್ದ ತಾವು ಹನ್ನೆರಡು ಸುತ್ತಿಗೆ ಏಟು ತಿಂದ ಮೇಲೆಯೇ ಕುರ್ಚಿ ಬಿಟ್ಟಿರಿ. ಅಧಿಕಾರ ಬಿಡುವಾಗ ದೊಡ್ಡವರೆಲ್ಲ ಹೀಗೆಯೇ ಎಂದು ಕೇಳಿದ್ದೇನೆ. ಎಡಗಡೆಯ ತಮ್ಮ ಜೊತೆಗಾರರನ್ನೂ ಇಳಿಸಿ, ಜೋಡಿ ಹೊಸಬರನ್ನು ಎಣ್ಣೆಪಸೆ ಒರೆಸಿ ಕೂರಿಸಿದಳು. ಚಕ್ರ ಹಾಕಿ, ಪೆಡಲ್ಲು ಗಟ್ಟಿಯಾಗುವವರೆಗೂ ಒತ್ತಿ ಒತ್ತಿ ನೋಡಿ, ಖಾಲಿ ರಸ್ತೆಯಲ್ಲಿ ನಾಲ್ಕಾರು ಸಲ ಮೆಲ್ಲಗೆ ಬ್ರೇಕ್ ಹಿಡಿದು ಬಿಟ್ಟು ಪಳಗಿಸಿ, ಮತ್ತೆ ಲೋಟ ಇಟ್ಟುಕೊಂಡು ಇಳಿಜಾರು ಇಳಿದಳು. ನೀರು ಅಲುಗಲಿಲ್ಲ. ವಾಪಸ್ ಬಂದು ನನ್ನ ಮುಂದೆಯೇ ಗಟಗಟನೆ ಕುಡಿದು ಖಾಲಿ ಲೋಟವನ್ನು ನನ್ನ ಕೈಗಿಟ್ಟಳು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಎರಡೇ. ಚೆಲ್ಲಿದ ನಾಲ್ಕೂ ಲೋಟ ನೀರಿಗೆ ಅವಳ ಕಾಲೂ ಕಾರಣವಲ್ಲ, ನನ್ನ ಕಾಲೂ ಕಾರಣವಲ್ಲ ಎಂದು ಬೀದಿಯ ಪ್ರತಿ ಮನೆಗೂ ತಾವೇ ಉರುಳಿಕೊಂಡು ಹೋಗಿ ತಿಳಿಸಬೇಕು. ನನ್ನ ಬಾಯಿಂದ ಬಿದ್ದ ಆ ಗಾದೆಯನ್ನು ಹಿಂದಕ್ಕೆ ತಿರುಗಿಸಿ ಒಳಗೆ ಸೇರಿಸಬೇಕು. ತಿರುಗುವುದರಲ್ಲಿ ತಮಗಿರುವಷ್ಟು ಅನುಭವ ಮನೆಯಲ್ಲಿ ಬೇರೆ ಯಾರಿಗೂ ಇಲ್ಲ.

ಇಂತು, ತಮ್ಮ ಮೈ ಸವೆಯುವವರೆಗೂ ತಮ್ಮನ್ನೇ ನಂಬಿದ್ದ,

ತಮ್ಮ ವಿಶ್ವಾಸಿ,
ಗಾಜಿನಂಗಡಿಯವ

ಮರೆತ ಮಾತು: ಬಹಿರಂಗ ಪತ್ರವಾದ್ದರಿಂದ ಇದನ್ನು ಅಂಗಡಿ ಬಾಗಿಲ ಗಾಜಿಗೆ ಅಂಟಿಸಿದ್ದೆ. ಮಧ್ಯಾಹ್ನದೊಳಗೆ ಮಗಳು ಗಾಜಿಗೆ ಗುರುತು ಹಾಕುವ ಪೆನ್ಸಿಲಿನಲ್ಲಿ ಅದರ ಕೆಳಗೆ ಗಾಜಿನ ಮೇಲೆಯೇ ಬರೆದಿದ್ದಳು: “ಡಿಸ್ಕಿಗೆ ಇಷ್ಟುದ್ದ ಬರೆದಿದ್ದೀಯ. ನನಗೆ ಒಂದು ಸಾಲು ಸಾಕಿತ್ತಪ್ಪಾ.” ತಾವು ಬಾಯಿ ಬಿಡುವ ಲಕ್ಷಣ ಕಾಣದ್ದರಿಂದ ಅದರಡಿ ನಾನೇ ಬರೆದೆ: “ತಪ್ಪು ನಂದೇ ಮಗಳೇ. ಗುರುವಾರ ಕನ್ನಡಿ ನೀನೇ ತಗೊಂಡ್ಹೋಗು.” ಸಂಜೆ ಅವಳು ಅಂಗಡಿಯ ಗಾಜನ್ನೆಲ್ಲ ತೊಳೆದು ಒರೆಸಿದಳು, ನನ್ನ ಆ ಸಾಲೊಂದನ್ನು ಬಿಟ್ಟು.