ನಮ್ಮ ಪಾಯ ಭಾಳ ಗಟ್ಟಿ!

ಸೋಷಿಯಲ್ ಮೀಡಿಯಾ ಅಂದರೆ ಅಂಥದ್ದೇನು ಮಹಾ? ಒಂದು ಫೋಟೋ, ನಾಲ್ಕು ಸಾಲು, ಕೊನೆಗೊಂದು ಥ್ಯಾಂಕ್ಯೂ. ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮಿಂದ ಇದಕ್ಕಿಂತ ಕಷ್ಟದ್ದನ್ನೆಲ್ಲ ಬರೆಸಿದ್ದರು. ಮದುವೆಯಾಗಿ ಕೊಪ್ಪಳಕ್ಕೆ ಬಂದ ಮೇಲೆ ಆ ಇಂಗ್ಲಿಷು, ಪಾಪ, ಕೆಮ್ಮಿನ ಔಷಧದ ಲೇಬಲ್ ಓದುವುದಕ್ಕಷ್ಟೇ ಬಳಕೆಯಾಯಿತು. “ಒಂದಿನ ನಿನ್ನ ಇಂಗ್ಲಿಷ್ ಕೆಲಸಕ್ಕ ಬರ್ತೈತಿ ಬಿಡು” ಎನ್ನುತ್ತಿದ್ದರು ನಮ್ಮವರು. ಆ ದಿನ ಬಂತು. ನೋಡಲು ಅವರಿಲ್ಲ. ಇಲ್ಲದಿದ್ದುದೇ ಒಳ್ಳೆಯದಾಯಿತು!

ಮಗಳು ವೀಣಾ ಸಿವಿಲ್ ಎಂಜಿನಿಯರ್. ಸ್ವಂತ ಕನ್‌ಸ್ಟ್ರಕ್ಷನ್ ಶುರುಮಾಡಿದ್ದಾಳೆ. ಆದರೆ ಬಂದವರೆಲ್ಲ “ಸಾಹೇಬ್ರು ಎಲ್ಲದಾರ್ರಿ?” ಎಂದು ಅವಳನ್ನೇ ಕೇಳಿ, ಚಹಾ ಕುಡಿದು ಹೋಗುತ್ತಿದ್ದರು. ಕೊನೆಗೂ ನಿವೃತ್ತ ಶಿಕ್ಷಕ ಗುರುಸಿದ್ದಪ್ಪ ಮಾಸ್ತರರು ಕುಷ್ಟಗಿ ರಸ್ತೆಯಲ್ಲಿ ಮನೆ ಕಟ್ಟಿಸಲು ಒಪ್ಪಿದರು. ಪಾಯದ ಪೂಜೆ ಸಾಂಗವಾಗಿ ಮುಗಿದರೆ ಅಗ್ರಿಮೆಂಟು. ಅಳವಂಡಿಯಲ್ಲಿರುವ ಅವರ ತಮ್ಮನ ಮನೆಯ ಕೆಲಸವೂ ಇವಳಿಗೇ. ಮಾಸ್ತರರದ್ದು ಒಂದೇ ಕಟ್ಟುನಿಟ್ಟು: ಶುದ್ಧ ಶಾಕಾಹಾರ. ಮೊಟ್ಟೆ ಇದ್ದೀತೆಂದು ಕೇಕಿನ ಫೋಟೋವನ್ನೂ ನೋಡದವರು!

“ಅವ್ವಾ, ಪೂಜಿ ಸುದ್ದಿ ನಮ್ಮ ಫೇಸ್‌ಬುಕ್ ಪೇಜಿನ್ಯಾಗ ನಾನ ಹಾಕ್ತೀನಿ, ನೀ ಸುಮ್ನಿರು” ಎಂದಳು ವೀಣಾ.

“ಡೋಂಟ್ ವರಿ, ಡಿಯರ್” ಎಂದೆ. ಪ್ರಪಂಚದ ಅರ್ಧ ವಿಪತ್ತುಗಳು ಈ ಮಾತಿನಿಂದಲೇ ಆರಂಭವಾಗಿರಬೇಕು.

ಕನ್ನಡ ಕೀಬೋರ್ಡಿನಲ್ಲಿ ಒತ್ತಕ್ಷರ ಹುಡುಕುವಷ್ಟರಲ್ಲಿ ಸಂಜೆಯಾಗುತ್ತದೆ. ಹಾಗಾಗಿ ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದೆ: “ಗುರುವಾರ ಮುಂಜಾನೆ ನಮ್ಮ ಪಾಯ! ಭಾಳ ಗಟ್ಟಿ! ಎಲುಬು ಇದ್ದಂಗ! ಕುಷ್ಟಗಿ ರಸ್ತೆಗೆ ಎಲ್ಲಾರೂ ಬರ್ರಿ!” ಎಲುಬಿನದು ಸಿಮಿಲಿ, ಅಂದರೆ ಉಪಮೆ. ಸಿಸ್ಟರ್ ಓದಿದ್ದರೆ ವೆರಿ ಗುಡ್ ಎನ್ನುತ್ತಿದ್ದರು. ಇನ್ನು ಫೋಟೋ. ಪಾಯಕ್ಕೆ ತೋಡಿದ ಬರೀ ತಗ್ಗನ್ನು ಯಾರು ನೋಡುತ್ತಾರೆ? ಯಾವುದೋ ಪೂಜೆಯಲ್ಲಿ ಗೋಧಿ ಹುಗ್ಗಿ ಕುದಿಯುತ್ತಿದ್ದ ಹಂಡೆಯ ಫೋಟೋ ಹಾಕಿದೆ. ಹೋಮ್ಲಿ ಟಚ್!

ಕಾಮೆಂಟುಗಳು ಸುರಿದವು. “ಮಸಾಲಿ ಹೆಂಗಿರ್ತೈತ್ರಿ?” ಎಂದೊಬ್ಬ ಕೇಳಿದ. ಸಿಮೆಂಟು, ಉಸುಕು ಕಲಸಿದ್ದಕ್ಕೆ ಕೆಲವು ಗೌಂಡಿಗಳು ಮಸಾಲೆ ಎನ್ನುವುದನ್ನು ಕೇಳಿದ್ದೆ. “ಛಲೋ ಕಲಸಿರ್ತೀವ್ರಿ, ನೀರು ಕಡಿಮಿ” ಎಂದು ಉತ್ತರಿಸಿದೆ. “ರಾತ್ರಿಯೆಲ್ಲ ಇಡ್ತೀರೇನ್ರಿ?” ಎಂದ ಇನ್ನೊಬ್ಬ. ಸಿಮೆಂಟಿಗೆ ನೀರುಣಿಸಿ ಬಲಿಯಲು ಬಿಡುವ ಕ್ಯೂರಿಂಗ್ ಬಗ್ಗೆ ನಮ್ಮ ಜನಕ್ಕೆ ಎಷ್ಟೊಂದು ತಿಳಿವಳಿಕೆ! “ಗಡಿಬಿಡಿ ಮಾಡೂದಿಲ್ರಿ” ಎಂದೆ. ಹಾರ್ಟುಗಳ ಮಳೆ!

ಗುರುವಾರ ಐನೋರು ಮಂತ್ರ ಹೇಳುತ್ತಿರುವಾಗಲೇ ಜನ ಬರತೊಡಗಿದರು. ಕೈಯಲ್ಲಿ ಡಬ್ಬಿ, ತಂಬಿಗೆ, ಕೆಟಲು. ಪಾಯಕ್ಕೆ ಹಾಲೆರೆಯಲು ತಂದಿದ್ದಾರೆ, ಹೌ ಸ್ವೀಟ್! ನನ್ನ ಕಣ್ಣು ತುಂಬಿತು. ಮಾಸ್ತರರೂ ಹಿಗ್ಗಿದರು. “ಏನ್ ಮಂದಿ ಬಂದೈತವಾ ನಿನ್ನ ಕೆಲಸ ನೋಡಾಕ!” ಎಂದು ವೀಣಾಳ ಬೆನ್ನು ತಟ್ಟಿದರು.

ಗಂಗಾವತಿಯಿಂದ ಬೈಕಿನಲ್ಲಿ ಬಂದವನೊಬ್ಬ ಡಬ್ಬಿ ಹಿಡಿದು ನನ್ನೆದುರು ನಿಂತ. “ಅಮ್ಮಾರ, ಪಾಯಾ ಎಲ್ಲೈತ್ರಿ?”

ನಾನು ಹೆಮ್ಮೆಯಿಂದ ತಗ್ಗಿನತ್ತ ಕೈ ಚಾಚಿದೆ. ಅವನು ಬಗ್ಗಿ ನೋಡಿದ.

“ಇದರಾಗ ಬರೇ ಕಲ್ಲದಾವಲ್ರಿ! ಕಾಲೆಲ್ಲಿ?”

“ಯಾರ ಕಾಲಪಾ?”

“ಕುರಿ ಕಾಲ್ರಿ! ಪಾಯಾ ಐತಿ ಬರ್ರಿ ಅಂತ ನೀವ ಹಾಕೀರಿ. ಸೂಪ್ ಕುಡಿಯೂಣಂತ ಹಸದು ಬಂದೀವಿ!”

ಮನೆ ನಿಲ್ಲುವ ಪಾಯ, ಬಟ್ಟಲಲ್ಲಿ ಕುಡಿಯುವ ಪಾಯಾ, ಇಂಗ್ಲಿಷ್ ಅಕ್ಷರಗಳಲ್ಲಿ ಎರಡೂ ಒಂದೇ! ನನ್ನ ಸಿಮಿಲಿಯ ಎಲುಬು, ಹಂಡೆ, ಮಸಾಲೆ ಎಲ್ಲ ಸೇರಿ ಸೂಪನ್ನು ಸಂಪೂರ್ಣಗೊಳಿಸಿದ್ದವು.

ಐನೋರ ಕೈಯಲ್ಲಿ ಆರತಿ ನಿಂತಿತು. “ನನ್ನ ಪಾಯದಾಗ ಕುರಿ ಕಾಲು?” ಎನ್ನುತ್ತ ಮಾಸ್ತರರು ಚಪ್ಪಲಿ ಮೆಟ್ಟಿದರು. “ಸಾಕವಾ ತಂಗಿ, ಈ ಮನೀನ ಬ್ಯಾಡ.”

ವೀಣಾ ನನ್ನ ಕಡೆ ಒಮ್ಮೆ ನೋಡಿದಳು. ಸೀರೆಯ ಸೆರಗು ಸಿಕ್ಕಿಸಿಕೊಂಡು ಪ್ರಸಾದದ ಹುಗ್ಗಿಯ ಪಾತ್ರೆಗೆ ಸೌಟು ಹಾಕಿದಳು. “ಅಣ್ಣಾರ, ಸೂಪ್ ಇಲ್ಲ. ಮಾಸ್ತರರು ಸ್ವತಃ ನಿಂತು ಮಾಡಿಸಿದ ಹುಗ್ಗಿ ಐತಿ. ಡಬ್ಬಿ ತಗೀರಿ.”

ಗಂಗಾವತಿಯವನು ಅಲ್ಲೇ ನಿಂತು ಉಂಡ. ಬೆರಳು ನೆಕ್ಕಿದ. “ಮಾಸ್ತರ, ಈ ಹುಗ್ಗಿ ಮುಂದ ಪಾಯಾ ಯಾವ ಲೆಕ್ಕರಿ!”

ಮಾಸ್ತರರು ಒಂದು ಚಪ್ಪಲಿ ಬಿಟ್ಟರು. ಎರಡನೆಯವನು ಇನ್ನೊಂದು ಸೌಟು ಕೇಳಿದ. ಇನ್ನೊಂದು ಚಪ್ಪಲಿಯನ್ನೂ ಬಿಟ್ಟರು. ಪೂಜೆ ಮುಗಿದು ಅಗ್ರಿಮೆಂಟೂ ಆಯಿತು. ಮಾಸ್ತರರದ್ದು ಬಾಯಿಮಾತಿನ ಒಂದೇ ಷರತ್ತು: “ತಾಯಾರು ಏನೂ ಬರೀಬಾರ್ದು. ಬೇಕಾದ್ರ ಲೈಕ್ ಒತ್ತಲಿ.”

ನಾನು ಶಿರಸಾವಹಿಸಿ ಪಾಲಿಸಿದೆ. ಚೆಂದದ ಮನೆಯೊಂದು ಫೋನಿನಲ್ಲಿ ಕಂಡಿತು. ಮಗಳೇ ಕಟ್ಟಿದ್ದೆಂದುಕೊಂಡು ಹಾರ್ಟನ್ನೇ ಒತ್ತಿದೆ. ಮರುದಿನ ಮಾಸ್ತರರ ಫೋನು:

“ಅಮ್ಮಾರ, ಅದು ಯಲಬುರ್ಗಾದ ಬ್ಯಾರೆ ಕಂಟ್ರಾಕ್ಟರ್ ಕಟ್ಟಿದ ಮನಿ. ನಿಮಗ ಅಷ್ಟು ಸೇರಿದ್ರ, ನನ್ನ ತಮ್ಮನ ಮನಿ ಅವರಿಗೇ ಕೊಡ್ಲೇನ್ರಿ?”

ವೀಣಾ ಫೋನು ಕಸಿದುಕೊಂಡು ತಾಸುಗಟ್ಟಲೆ ಸಮಾಧಾನ ಮಾಡಿದಳು. ತಮ್ಮನ ಮನೆ ಉಳಿಯಿತು. ಈಗ ನನಗೆ ಗುಂಡಿ ಒತ್ತುವ ಚಿಕ್ಕ ಫೋನು. ಕರೆ ಬಂದರೆ ಎತ್ತಬಹುದು. ಹಲೋ ಎಂದು ಮಗಳ ಕೈಗೆ ಕೊಡಬೇಕು. ರಾಂಗ್ ನಂಬರ್ ಆಗಿದ್ದರೆ ಮಾತ್ರ ನಾನೇ ಪೂರ್ತಿ ಮಾತಾಡಲು ಪರ್ಮಿಷನ್ ಇದೆ!