ಪಗಡೆ ಡಬ್ಬಿಗೆ ಗಿರಾಕಿ ಹೆಚ್ಚಾದಾಗ

ವ್ಯಾಪಾರ ನಡೆಯದಿದ್ದಾಗ ಮನುಷ್ಯನಿಗೆ ಒಂದೇ ಚಿಂತೆ. ನಡೆಯತೊಡಗಿತೋ, ದಿನಕ್ಕೊಂದು ಹೊಸ ಗೋಳು. ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಕಲಘಟಗಿಯ ನಮ್ಮ ಪಡಸಾಲೆಯಲ್ಲಿ ಕೂತು, ಹಲ್ಲು ಕಡಿದುಕೊಂಡು ಕಲಿತದ್ದು.

ನಮ್ಮದು ಪಗಡೆ ಡಬ್ಬಿ ಮಾಡುವ ಸಣ್ಣ ಉದ್ಯೋಗ. ಬಟ್ಟೆಯ ಹಾಸನ್ನು ನಾನು ಮಷೀನಿನ ಮೇಲೆ ಹೊಲಿಯುತ್ತಿದ್ದೆ. ಕಾಯಿ, ದಾಳಗಳನ್ನು ನಮ್ಮನೆಯವರ ಕಾಕಾ ಮಾಡುತ್ತಿದ್ದರು. ಅವರು ಮೂಲತಃ ಬಣ್ಣದ ತೊಟ್ಟಿಲು ಮಾಡುವವರು. ತಿಂಗಳಿಗೆ ನಾಲ್ಕು ಡಬ್ಬಿ ಹೋದರೆ ಅದೇ ಹಬ್ಬ. ಅಷ್ಟರಲ್ಲಿ ಟೀವಿಯ ಭಾನುವಾರದ ಧಾರಾವಾಹಿಯಲ್ಲಿ ಪಗಡೆ ಆಟ ತೋರಿಸಿದರು ನೋಡಿ! ರಾಜ್ಯ ಸೋತು ಕಾಡಿಗೆ ಹೋದವರನ್ನು ಕಣ್ಣಾರೆ ನೋಡಿದ ಮೇಲೂ ಜನಕ್ಕೆ ಆ ಆಟವೇ ಬೇಕಾಯಿತು.

ಹುಬ್ಬಳ್ಳಿಯ ಒಬ್ಬ ಸಾಹುಕಾರರು ಮನೆಗೇ ಬಂದರು. "ಮದಲ ಇನ್ನೂರು ಡಬ್ಬಿ ಕೊಡ್ರಿ. ಮಂದಿಗೆ ಸೇರಿದ್ರ ವರ್ಷಪೂರ್ತಿ ನಿಮ್ಮ ಕಡೆನ ತಗೋತೀನಿ. ಇಲ್ಲಂದ್ರ ಬ್ಯಾರೇದವ್ರನ್ನ ನೋಡ್ಕೋತೀನಿ" ಅಂದರು. ನಾನು ಆ ಮಾತು ನಂಬಿ, ನನ್ನ ಹತ್ತಿರ ಕುಪ್ಪಸ ಹೊಲಿಸುತ್ತಿದ್ದ ಹೆಂಗಸರನ್ನೆಲ್ಲ "ಇನ್ನ ಬರಬ್ಯಾಡ್ರಿ" ಎಂದು ಕಳಿಸಿಬಿಟ್ಟೆ. ಈ ಸಾಹುಕಾರರು ಕೈಬಿಟ್ಟರೆ ಆ ಹೆಂಗಸರ ಮನೆಮನೆಗೆ ಹೋಗಿ ಹಲ್ಲು ಗಿಂಜುವ ಪಾಳಿ ನನ್ನದು.

೧. ಕಾಯಿಗೆ ಹೂವು

ಒಂದು ಡಬ್ಬಿಗೆ ಹದಿನಾರು ಕಾಯಿ. ಇನ್ನೂರು ಡಬ್ಬಿಗೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ಕಾಕಾ ವಾರಪೂರ್ತಿ ಕೂತು ಮುಗಿಸಿದ್ದು ಎರಡೇ ಡಬ್ಬಿ. ಹೋಗಿ ನೋಡಿದರೆ, ಬೆರಳಿನಷ್ಟು ಕಾಯಿಯ ಮೇಲೆ ಬಳ್ಳಿ, ಬಳ್ಳಿಗೆ ಹೂವು, ಹೂವಿನ ಪಕ್ಕ ಒಂದು ಗಿಳಿ!

"ಕಾಕಾ, ಇದೇನ್ರಿ ಇದು?"

"ತೊಟ್ಟಿಲಕ್ಕ ಬರೀತೀನಿ, ಇದಕ್ಕ ಯಾಕ ಬರೀಬಾರದು?"

"ತೊಟ್ಟಿಲದಾಗ ಕೂಸು ಮಲಗಿ ಹೂವು ನೋಡತೈತ್ರಿ. ಇದರಾಗ ಯಾರು ಮಲಗವ್ರದಾರ?"

ಕಾಕಾ ಒಂದು ಗಳಿಗೆ ವಿಚಾರ ಮಾಡಿದರು. "ಅದೂ ಖರೇನ ಬಿಡು" ಎಂದು ಗಿಳಿಯನ್ನಷ್ಟೇ ತೆಗೆದರು.

೨. ತಪಾಸಣೆ

ಕೆಲಸ ಕೈ ಮೀರಿತೆಂದು ದೇವಿಕೊಪ್ಪದಿಂದ ಇಬ್ಬರು ಆಳುಗಳನ್ನು ಕರೆಸಿದೆವು. ದಾಳ ಸರಿಯಾಗಿ ಉರುಳುತ್ತದೋ ಇಲ್ಲವೋ ನೋಡಿ ಡಬ್ಬಿ ಮುಚ್ಚುವುದು ಅವರ ಕೆಲಸ. ಎರಡು ದಿನ ಕಳೆದರೂ ಮುಚ್ಚಿದ್ದು ಒಂದೇ ಡಬ್ಬಿ. ಕೇಳಿದರೆ, "ಪೂರಾ ಆಟ ಆಡದ ಹೆಂಗ ಗೊತ್ತಾಗಬೇಕ್ರಿ, ಅಕ್ಕಾರ?" ಅನ್ನುತ್ತಾರೆ. ಕೂಲಿ ಕೊಟ್ಟು ಆಟ ಆಡಿಸುವ ಬುದ್ಧಿವಂತೆ ಈ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು!

ಸಿಟ್ಟು ತಡೆಯದೆ, ಅವರ ಮೇಲೆ ಕಣ್ಣಿಡಲು ನಮ್ಮನೆಯವರನ್ನೇ ಕೂಡ್ರಿಸಿದೆ. ಮಧ್ಯಾಹ್ನ ರೊಟ್ಟಿ ಆರಿ ತಣ್ಣಗಾದರೂ ಊಟಕ್ಕೆ ಯಾರೂ ಬರಲಿಲ್ಲ. ಬಾಗಿಲಲ್ಲಿ ನಿಂತು ಕೂಗಿದೆ. ನಮ್ಮನೆಯವರು ತಲೆ ಎತ್ತದೆ ಅಂದರು: "ತಡಿಯಬೇ, ನನ್ನ ಹಳದಿ ಕಾಯಿ ಮನೀಗೆ ಬಂದ ಮ್ಯಾಲೆ ನಾನೂ ಬರ್ತೀನಿ!"

೩. ಯರಗುಪ್ಪಿಯ ವ್ಯಾಜ್ಯ

ಪಗಡೆಗೆ ಊರಿಗೊಂದು ನಿಯಮ. ಅದು ನನ್ನ ತಪ್ಪೇ? ಒಂದು ಮುಂಜಾನೆ, ಹಿಂದೆ ನಮ್ಮಲ್ಲಿ ಡಬ್ಬಿ ಕೊಂಡಿದ್ದ ಯರಗುಪ್ಪಿಯ ಅಣ್ಣತಮ್ಮ ಇಬ್ಬರು ಎರಡು ಬಸ್ಸು ಬದಲಿಸಿ ಬಂದು ಕಟ್ಟೆಯ ಮೇಲೆ ಕೂತರು. ಜೋಡಿ ಕಾಯಿಯನ್ನು ಒಂಟಿ ಕಾಯಿ ಹೊಡೆಯಬಹುದೋ ಇಲ್ಲವೋ ಎಂದು ಜಗಳ.

"ಆಟ ಮಾರಿದವ್ರು ನೀವು, ನ್ಯಾಯಾನೂ ನೀವ ಹೇಳ್ರಿ."

ಹೊಡೆಯಲು ಬರುವುದಿಲ್ಲ ಎಂದೆ. ಅಣ್ಣ ಸೋತ. ಸೋತವನು ಸುಮ್ಮನೆ ಹೋದನೇ? "ಹಂಗಾರ ದಾಳ ಕೆಟ್ಟೈತಿ, ಬದಲಿ ಕೊಡ್ರಿ" ಎಂದು ಪಟ್ಟು ಹಿಡಿದ. ಪೀಡೆ ತೊಲಗಲಿ ಎಂದು ಹೊಸ ದಾಳ ಕೊಟ್ಟೆ. ಮುಂದಿನ ವಾರ ತಮ್ಮ ಒಬ್ಬನೇ ಬಂದ: "ಅಕ್ಕಾರ, ಅವಂಗ ಎಂಥಾ ದಾಳ ಕೊಟ್ಟೀರಿ? ಈಗ ದಿನಾ ನಾನ ಸೋಲಾಕತ್ತೀನಿ. ನನ್ನ ಕೆಟ್ಟ ದಾಳ ನನಗ ಕೊಟ್ಟಬಿಡ್ರಿ!"

೪. ಖಾಲಿ ಕಳಿಸಬಾರದು

ಕಾಕಾನ ಬಳ್ಳಿ, ಹೂವು ಕೂಡ ನಿಂತ ಮೇಲೆ ಅಂತೂ ಇನ್ನೂರು ಡಬ್ಬಿ ಮುಗಿದವು. ಬಸ್ಸಿನ ಮೇಲೆ ಹೇರಿ ಕಳಿಸುವ ದಿನ ನಾನು ಬಟ್ಟೆ ತರಲು ಪ್ಯಾಟಿಗೆ ಹೋಗಿದ್ದೆ. ಬಂದು ನೋಡುತ್ತೇನೆ, ಅಡಿಗೆಮನೆಯ ಬೆಲ್ಲದ ಪೆಂಟೆ ಮಾಯ!

ತೊಟ್ಟಿಲು ಮಾಡುವ ಕಾಕಾನದೊಂದು ಪದ್ಧತಿ. ತೊಟ್ಟಿಲು ಹೊಸ್ತಿಲು ದಾಟುವಾಗ ಖಾಲಿ ಇರಬಾರದೆಂದು ಅದರಲ್ಲಿ ಒಂದು ತುಂಡು ಬೆಲ್ಲ ಇಟ್ಟು ಕಳಿಸುತ್ತಾರೆ. ಈಗ ಡಬ್ಬಿಗಳಲ್ಲೂ ಕಾಗದದಲ್ಲಿ ಸುತ್ತಿ ಬೆಲ್ಲ ಇಟ್ಟಿದ್ದಾರೆ!

"ಕಾಕಾ, ಅದು ಆಟದ ಡಬ್ಬಿ! ಇರುವಿ ಮುತ್ತಿದ್ರ ಏನ್ ಮಾಡೂದ್ರಿ?"

"ನನ್ನ ಕೈಲೆ ಮಾಡಿದ್ದು ಖಾಲಿ ಹೋಗಂಗಿಲ್ಲ ಯವ್ವಾ. ನೂರು ಡಬ್ಬಿಗೆ ಬೆಲ್ಲ ಮುಗೀತು. ಉಳಿದ ನೂರು ಹಂಗ ಹೋದ್ವು, ಅದ ಒಂದು ಮನಸಿಗೆ ಕೆಟ್ಟನಸ್ತೈತಿ."

ನನಗೆ ಅಳು ಬಂತು. ಬಾಯಿಬಿಟ್ಟು ಅತ್ತೂಬಿಟ್ಟೆ. ಕುಪ್ಪಸದ ಗಿರಾಕಿಗಳಲ್ಲಿ ಮೊದಲು ಯಾರ ಮನೆಗೆ ಹೋಗಲಿ ಎಂದು ಮನಸ್ಸಿನಲ್ಲೇ ಎಣಿಸತೊಡಗಿದೆ.

ಎಂಟು ದಿನಕ್ಕೆ ಸಾಹುಕಾರರು ಕೆಂಡದಂಥ ಮುಖ ಹೊತ್ತು ಬಂದೇ ಬಂದರು. ಕೈಯಲ್ಲಿ ನಮ್ಮದೇ ಡಬ್ಬಿ. ನಾನು ಕೈಮುಗಿದು, "ತಪ್ಪಾತ್ರಿ ಸಾಹುಕಾರ್ರ, ಬೆಲ್ಲದ್ದು ನನಗ ಗೊತ್ತಿರಲಿಲ್ಲ" ಅಂದೆ.

"ತಪ್ಪಾತಂದ್ರ ಮುಗೀತೇನ್ರಿ? ಅರ್ಧಾ ಡಬ್ಬ್ಯಾಗ ಬೆಲ್ಲ ಐತಿ, ಅರ್ಧಾದಾಗ ಇಲ್ಲ! ಸಿಕ್ಕವ್ರು ಶುಭಶಕುನ ಅಂತ ಓಣಿ ತುಂಬ ಹೇಳ್ಕೋತ ಅಡ್ಡಾಡ್ಯಾರ. ಸಿಗದವ್ರು ಅಂಗಡಿ ಮುಂದ ನಿಂತು, 'ನಮ್ಮ ಬೆಲ್ಲ ನೀನ ತಿಂದಿ' ಅಂತ ನನ್ನ ಮಾನಾ ಕಳ್ಯಾಕತ್ತಾರ!"

ಕಾಕಾ ಮೀಸೆಯಲ್ಲೇ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಎರಡು ತಿಂಗಳು ಕಣ್ಣು ಕೆಡಿಸಿಕೊಂಡು ಹಾಸಿನ ಅಂಚಿಗೆ ಎರಡೆರಡು ಹೊಲಿಗೆ ಹಾಕಿದ್ದೇನೆ. ಅದನ್ನು ಮುಟ್ಟಿ ನೋಡಿದವರಾದರೂ ಒಬ್ಬರಿದ್ದಾರೆಯೇ? ಕೇಳಿಯೇಬಿಟ್ಟೆ: "ಸಾಹುಕಾರ್ರ, ಆಟ ಹೆಂಗೈತಿ ಅಂತ ಯಾರೂ ಏನೂ ಅನ್ನಲಿಲ್ಲೇನ್ರಿ?"

"ಆಟ? ಛಲೋ ಇರಬೇಕು ಬಿಡ್ರಿ" ಎಂದು ಸಾಹುಕಾರರು ಮುಂಗಡ ಎಣಿಸಿ ನನ್ನ ಮುಂದಿಟ್ಟರು. "ಇನ್ನ ಐನೂರು ಡಬ್ಬಿ ಬೇಕು. ಗಡಿಬಿಡ್ಯಾಗ ಕಾಯಿ ಒಂದೆರಡು ಕಮ್ಮಿ ಬಿದ್ರೂ ನಡೀತೈತಿ, ಬೆಲ್ಲ ಮಾತ್ರ ಮರೀಬ್ಯಾಡ್ರಿ!"