ತಂಗಿಯ ಅಂಗಡಿಯ ತಿರುಗುವ ಚಕ್ರ

ಮದುವೆ ಮನೆಯಲ್ಲಿ ಎಲೆಯ ಮುಂದೆ ಕುಳಿತ ನಾವು, ಉಪ್ಪು ಬಡಿಸಿ ಹೋದವರು ಅನ್ನ ತರುವವರೆಗೆ ಬೇಸರವಿಲ್ಲದೆ ಕಾಯುತ್ತೇವೆ. ಪಕ್ಕದವರ ಕಷ್ಟಸುಖ ವಿಚಾರಿಸಲು ಅದಕ್ಕಿಂತ ಒಳ್ಳೆಯ ಹೊತ್ತು ಯಾವುದಿದೆ? ಅದೇ ನಾವು, ಫೋನಿನಲ್ಲಿ ಒಂದು ಚಕ್ರ ನಾಲ್ಕು ಸುತ್ತು ಸುತ್ತಿದರೆ ಮೈಮೇಲೆ ಬಂದವರಂತೆ ಆಡುತ್ತೇವೆ. ಆ ಚಕ್ರ ಸುತ್ತಿಸಿದ ಪಾಪಿಗಳಲ್ಲಿ ನಾನೂ ಒಬ್ಬ.

ನಾನು ಹಾಸನದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ತಂಗಿ ಸುನಂದಾ ಚನ್ನರಾಯಪಟ್ಟಣದಲ್ಲಿ ಟಿಲ್ಲರ್, ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾಳೆ. "ಹೆಂಗಸಿಗ್ಯಾಕೆ ಕಬ್ಬಿಣದ ಸಾವಾಸ" ಎಂದು ಅವಳ ಗಂಡನ ಮನೆಯವರು ರಾಗ ಎಳೆದಿದ್ದರು. ಅವರ ಮುಂದೆ ತಲೆಯೆತ್ತಿ ಓಡಾಡಬೇಕಾದರೆ ಅಂಗಡಿ ನಡೆಯಲೇಬೇಕಿತ್ತು. ಯಾವ ಗಾಡಿಗೆ ಯಾವ ಭಾಗ ಹೊಂದುತ್ತದೆಂದು ಹುಡುಕಲು ನಾನೊಂದು ಆ್ಯಪ್ ಮಾಡಿಕೊಟ್ಟೆ. ಮಾಹಿತಿ ನನ್ನದಲ್ಲ, ದೂರದ ಕಂಪನಿಯದು. ಅವರ ಎಪಿಐ ಎಂಬ ಕಿಟಕಿಯಲ್ಲಿ ನನ್ನ ಆ್ಯಪ್ ಕೇಳಬೇಕು, ಅವರು ಹೇಳಬೇಕು.

ಸ್ವಲ್ಪ ದಿನಕ್ಕೇ ತಂಗಿಯ ಫೋನು ಬಂತು. "ಅಣ್ಣಯ್ಯ, ನಿನ್ ಚಕ್ರ ನಿಲ್ಲೋದ್ರೊಳಗೆ ಗಿರಾಕಿಗಳು ಎದುರು ಅಂಗಡಿಗೆ ಹೋಗ್ಬುಡ್ತಾರೆ ಕಣಣ್ಣಾ. ಹಿಂಗೇ ಆದ್ರೆ ಶಟರ್ ಎಳ್ಕೊಂಡು ಮನೇಲಿ ಕೂರ್ಬೇಕಾಯ್ತದೆ." ಮರುದಿನವೇ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ.

ಹೋಗಿ ನೋಡಿದರೆ ತಪ್ಪು ನನ್ನದೇ. ನಮ್ಮ ಕಡೆಯ ಗಿರಾಕಿ ಬೇಕಾದ್ದನ್ನು ನೇರವಾಗಿ ಕೇಳುವುದಿಲ್ಲ. "ಅದೇ ಕಣವ್ವ, ಓದ್ ಸಲ ನಮ್ ಬಾಮೈದ ತಗಂಡೋಗಿದ್ನಲ್ಲ" ಎಂದು ಶುರುಮಾಡುತ್ತಾನೆ. ತಂಗಿ, ಕೇಳಿಸಿಕೊಳ್ಳುತ್ತಿದ್ದೇನೆ ಎಂದು ತೋರಿಸಲು, ಅವನ ಮಾತಿನ ಜೊತೆಗೇ ಒಂದಕ್ಷರ ಒತ್ತುತ್ತಾಳೆ, ಅಳಿಸುತ್ತಾಳೆ, ಇನ್ನೊಂದು ಒತ್ತುತ್ತಾಳೆ. ನನ್ನ ಆ್ಯಪ್ ಒಂದೊಂದು ಅಕ್ಷರಕ್ಕೂ ಓಡಿಹೋಗಿ ಕಂಪನಿಯ ಕಿಟಕಿ ಬಡಿಯುತ್ತಿತ್ತು. ರೋಸಿಹೋದ ಅವರು "ಸಾಲಿನಲ್ಲಿ ನಿಲ್ಲು" ಎನ್ನುತ್ತಿದ್ದರು. ಬೆರಳು ನಿಂತ ಮೇಲಷ್ಟೇ ಕೇಳು, ಮಾತು ಬದಲಾದರೆ ಹಳೆಯ ಪ್ರಶ್ನೆ ಕೈಬಿಡು, ದಿನಾ ಕೇಳುವ ಬೆಲ್ಟು ಬೇರಿಂಗುಗಳ ಉತ್ತರವನ್ನು ಫೋನಿನಲ್ಲೇ ಇಟ್ಟುಕೋ ಎಂದು ಅದಕ್ಕೆ ಬುದ್ಧಿ ಕಲಿಸಿದೆ. ಪಾಠ ಕೇಳಿ ತಿದ್ದಿಕೊಂಡ ನನ್ನ ಏಕೈಕ ಶಿಷ್ಯ ಅದೇ ಇರಬೇಕು.

ಮೊನ್ನೆ ಶನಿವಾರ ನನ್ನ ಪ್ರತಾಪವನ್ನು ಕಣ್ಣಾರೆ ನೋಡಲು ಅಂಗಡಿಯಲ್ಲಿ ಕುಳಿತಿದ್ದೆ. ದಂಡಿಗನಹಳ್ಳಿಯ ಹಿರಿಯರೊಬ್ಬರು ಬಂದು ಟಿಲ್ಲರ್ ಬೆಲ್ಟು ಎಂದರು. ಟವೆಲಿನಲ್ಲಿ ಮುಖ ಒರೆಸಿಕೊಳ್ಳುವಷ್ಟರಲ್ಲಿ ಬೆಲ್ಟು ಅವರ ಮುಂದಿತ್ತು.

"ಇದೇನವ್ವ ಇಂಗೆ? ಕುಂತ್ಕಳಿ ಅನ್ನಕ್ ಮುಂಚೇನೇ ಕೊಟ್ಬುಟ್ಟೆ!" ಎಂದು ನಗುತ್ತ ಸ್ಟೂಲ್ ಎಳೆದುಕೊಂಡರು. "ಇನ್ನೂ ಏನೇನೋ ಬೇಕಾಗದೆ, ನಿಧಾನಕ್ಕೆ ಯೋಳ್ತೀನಿ."

ತಂಗಿಯ ಮುಖ ಅರಳಿತು. ನನಗೂ ಸಂತೋಷ ತಡೆಯಲಾಗಲಿಲ್ಲ. ಇಷ್ಟು ಬೇಗ ಹೇಗೆ ಸಿಕ್ಕಿತು ಗೊತ್ತೇ ಎಂದು ಎಪಿಐಯಿಂದಲೇ ಶುರುಮಾಡಿದೆ. ಅವರು ತಲೆಯಾಡಿಸಿದರು. ಅದನ್ನೇ ಆಸಕ್ತಿ ಎಂದುಕೊಂಡು ಉತ್ತರ ಕೂಡಿಡುವ ವಿಧಾನಕ್ಕೆ ಬಂದೆ. ಕೂಡಿಟ್ಟ ಉತ್ತರ ಯಾವಾಗ ಹಳತಾಗುತ್ತದೆ ಎಂಬಲ್ಲಿಗೆ ಬರುವಾಗ ಅವರು ಎದ್ದು ನಿಂತಿದ್ದರು.

"ಬತ್ತೀನಿ ಸಾ, ಬಸ್ಸಿಗೆ ಒತ್ತಾಯ್ತು" ಎಂದು ದುಡ್ಡು ಕೊಟ್ಟು, ಬೆಲ್ಟನ್ನು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು. ರಸ್ತೆ ದಾಟಿ ನೇರವಾಗಿ ಎದುರು ಅಂಗಡಿಯ ಬೆಂಚಿನ ಮೇಲೆ ಆರಾಮಾಗಿ ಕುಳಿತರು.

ತಂಗಿ ಅತ್ತಲೇ ನೋಡುತ್ತ ಕೇಳಿದಳು: "ಅಣ್ಣಯ್ಯ, ಹಾಸನಕ್ಕೆ ನಿನ್ ಬಸ್ಸು ಎಷ್ಟೊತ್ತಿಗೆ?"